ತಳ ಹಿಡಿದ ಸಾಂಬಾರು ಮತ್ತು ನನ್ನ ಮೂಗು: ಪೋಷಕರಿಗೊಂದು ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಹೋದ ಮಂಗಳವಾರ ಬಿಸಿಯೂಟದ ಸಾಂಬಾರು ತಳ ಹಿಡಿದಿತ್ತು ಎಂಬ ಸುದ್ದಿ ಮಕ್ಕಳ ಬಾಯಿಂದ ನಿಮಗೆಲ್ಲ ಮುಟ್ಟಿದೆ. ಇಬ್ಬರು ತಾಯಂದಿರು ಶಾಲೆಗೇ ಬಂದು ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು. ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು ಎಂಬುದು ನಿಯಮ. ಅಂದು ರುಚಿ ನೋಡಿದವಳು ನಾನು, ‘ಚೆನ್ನಾಗಿದೆ’ ಎಂದು ಬರೆದು ಸಹಿ ಹಾಕಿದವಳೂ ನಾನೇ. ಅಡುಗೆಯವರ ಮೇಲೆ ಯಾರೂ ಸಿಟ್ಟಾಗಬೇಡಿ. ಉರಿ ಜೋರಾಗಿ ಬೇಳೆ ಹಿಡಿಯುವುದು ಯಾರ ಮನೆಯಲ್ಲಿ ಇಲ್ಲ? ಪಾಪ, ಅವರು ಮೊದಲೇ ‘ಮಿಸ್, ಸೀದ ವಾಸನೆ ಬರ್ತಿದೆಯಾ ಒಂಚೂರು ನೋಡಿ’ ಅಂದಿದ್ದರು. ನನಗೇನೂ ಬರಲಿಲ್ಲ. ಐದನೇ ತರಗತಿಯ ಮಕ್ಕಳು ತಟ್ಟೆ ಸರಿಸಿ ‘ಸೀದೋಗಿದೆ ಮಿಸ್’ ಎಂದಾಗ, ‘ನಖರಾ ಮಾಡ್ಬೇಡಿ, ಸುಮ್ನೆ ಉಣ್ಣಿ’ ಎಂದು ಗದರಿದೆ.

ಸಂಜೆ ಮನೆಯಲ್ಲಿ ಕಾಫಿ ಪುಡಿ ಡಬ್ಬಿಯ ಮುಚ್ಚಳ ತೆಗೆದಾಗ ವಿಷಯ ಗೊತ್ತಾಯಿತು. ಘಮ ಇಲ್ಲ. ಡಬ್ಬಿಯೊಳಗೇ ಮೂಗು ತೂರಿಸಿದೆ. ಪುಡಿ ಮೂಗಿಗೆ ಹತ್ತಿ ಸೀನು ಬಂತು, ವಾಸನೆ ಬರಲಿಲ್ಲ. ಕುಡಿದ ಕಾಫಿ ಕಹಿ ನೀರಿಗೆ ಸಕ್ಕರೆ ಹಾಕಿದ ಹಾಗಿತ್ತು. ಎರಡು ದಿನದಿಂದ ಮೈಕೈ ನೋವು, ಗಂಟಲು ಕೆರೆತ ಇದ್ದರೂ ಮಳೆಗಾಲದ ಶೀತ ಎಂದುಕೊಂಡು ಶಾಲೆಗೆ ಬಂದಿದ್ದೆ. ಬರಬಾರದಿತ್ತು.

ಆಗ ನೆನಪಾದವನು ಆರನೇ ತರಗತಿಯ ಒಬ್ಬ ಹುಡುಗ. ಹಿಂದಿನ ವಾರ ಜ್ವರ ಬಿಟ್ಟ ಮೇಲೆ ಶಾಲೆಗೆ ಬಂದವನು ಮೂರು ದಿನ ಅನ್ನ ಕಲಸಿ ಕಲಸಿ ಬಿಟ್ಟು ಎದ್ದಿದ್ದ. ಉಪ್ಪಿನ ಬಟ್ಟಲಿಗೆ ಎರಡೆರಡು ಸಲ ಕೈ ಹಾಕುತ್ತಿದ್ದ. ಕೇಳಿದರೆ ‘ಏನೋ ಸಪ್ಪೆ ಮಿಸ್, ಮಣ್ಣು ತಿಂದಂಗಾಗುತ್ತೆ’ ಅಂದ. ‘ಎಲ್ಲರಿಗೂ ಸರಿಯಾಗಿರೋದು ನಿನಗೊಬ್ಬನಿಗೆ ಸಪ್ಪೆಯಾ?’ ಎಂದು ಸಾಲಿನಲ್ಲಿ ಕೂತ ಅಷ್ಟೂ ಮಕ್ಕಳ ಎದುರು ಕೇಳಿದ್ದೆ. ನಾನೂ ಮೂರು ದಿನ ರಜೆ ಹಾಕಿ, ಜ್ವರ ಬಿಟ್ಟು ವಾಪಸ್ ಬಂದ ಮೇಲೆ ಅವನ ಹತ್ತಿರ ಕ್ಷಮೆ ಕೇಳಿದೆ. ನಾಚಿಕೊಂಡು ಆಟದ ಬಯಲಿಗೆ ಓಡಿಬಿಟ್ಟ.

‘ನನಗೆ ವಾಸನೆ ಗೊತ್ತಾಗುತ್ತಿಲ್ಲ’ ಎಂದು ಬಾಯಿಬಿಟ್ಟು ಹೇಳುವ ಮಗು ಅಪರೂಪ. ದೊಡ್ಡವರೇ ಹೇಳುವುದಿಲ್ಲ. ಬಾಯಿ ಕೆಟ್ಟಿದೆ, ನಾಲಿಗೆಗೆ ಏನೂ ಹತ್ತುತ್ತಿಲ್ಲ ಎನ್ನುತ್ತೇವೆ. ಹೆಚ್ಚಿನ ಸಲ ಕೆಟ್ಟಿರುವುದು ನಾಲಿಗೆಯಲ್ಲ, ಮೂಗು. ನಾಲಿಗೆಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಟೊಮೆಟೊ, ಅಣಬೆ, ಮಾಂಸದ ಸಾರಿನಲ್ಲಿ ಸಿಗುವ ‘ಉಮಾಮಿ’ ಎಂಬ ಐದನೆಯ ರುಚಿ. ಮೂಗಿನಲ್ಲಾದರೆ ವಾಸನೆ ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಅವುಗಳ ಗುಟ್ಟು ಬಿಡಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ತುತ್ತು ಅಗಿಯುವಾಗ ಗಂಟಲ ಹಿಂದಿನಿಂದ ಮೇಲೇರುವ ಆವಿ ಮೂಗಿಗೆ ಮುಟ್ಟಿದರೇನೇ ಅದು ಸಾಂಬಾರು. ಇಲ್ಲದಿದ್ದರೆ ಬರೀ ಹುಳಿ, ಉಪ್ಪು, ಖಾರದ ಬಿಸಿನೀರು. ಇಂಗು, ಕರಿಬೇವು, ಕೊತ್ತಂಬರಿ ಎಲ್ಲ ಮೂಗಿನ ಪಾಲಿನವು.

ಮನೆಯಲ್ಲೇ ನೋಡಬಹುದು. ಮೂಗು ಬಿಗಿಯಾಗಿ ಹಿಡಿದು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳಿ. ಸಿಹಿ ಬರುತ್ತದೆ, ಅಷ್ಟೇ. ಬೆಲ್ಲವೋ ಸಕ್ಕರೆಯೋ ಹೇಳುವುದು ಕಷ್ಟ. ಮೂಗು ಬಿಟ್ಟ ಕೂಡಲೇ ಆಲೆಮನೆ ಬಾಯಿಗೆ ಬಂದು ಕೂರುತ್ತದೆ.

ಸಾಮಾನ್ಯ ಶೀತದಲ್ಲಿ ಮೂಗು ಕಟ್ಟಿ ಗಾಳಿ ಮೇಲೇರದೆ ವಾಸನೆ ಹೋಗುತ್ತದೆ, ಕಟ್ಟಿದ್ದು ಬಿಟ್ಟರೆ ಬರುತ್ತದೆ. ಕೋವಿಡ್ ಬಂದಾಗ ಮೂಗು ಕಟ್ಟದೆಯೇ ರಾತ್ರೋರಾತ್ರಿ ವಾಸನೆ ಹೋದವರನ್ನು ನಾವೆಲ್ಲ ನೋಡಿದೆವು. 2020ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ರೋಗಲಕ್ಷಣಗಳ ಪಟ್ಟಿಗೆ ಸೇರಿಸಿತು. ಆ ವೈರಸ್ ಅಂಟಿಕೊಳ್ಳುವ ಎಸಿಇ2 ಎಂಬ ಪ್ರೋಟೀನ್ ಇರುವುದು ವಾಸನೆಯ ನರಕೋಶಗಳ ಮೇಲಲ್ಲ, ಅವಕ್ಕೆ ಒತ್ತಾಸೆಯಾಗಿರುವ ಅಕ್ಕಪಕ್ಕದ ಕೋಶಗಳ ಮೇಲೆ. ಅವು ಸೊರಗಿದರೆ ನರಕೋಶವೂ ಕೆಲಸ ನಿಲ್ಲಿಸುತ್ತದೆ. ನಮ್ಮ ಅಡುಗೆಯವರು ಒಂದು ದಿನ ರಜೆ ಹಾಕಿದರೆ ಮಧ್ಯಾಹ್ನದ ಪಾಠ ಏನಾಗುತ್ತದೆಂದು ನಮಗೆ ಗೊತ್ತಿಲ್ಲವೇ, ಹಾಗೆ. ಸಮಾಧಾನದ ಸಂಗತಿ ಎಂದರೆ, ಮೂಗಿನ ಈ ನರಕೋಶಗಳು ಬುಡದಿಂದ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳುತ್ತದೆ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಫ್ಲೂ ಮತ್ತು ಬೇರೆ ಶೀತದ ವೈರಸ್‌ಗಳಿಂದಲೂ ಹೀಗಾಗುವುದುಂಟು. ನನ್ನದು ಯಾವುದೋ, ಡಾಕ್ಟರ ಚೀಟಿಯಲ್ಲಿ ‘ವೈರಲ್’ ಎಂದಷ್ಟೇ ಇದೆ.

ಮಗುವಿನ ಮೂಗು ಕೆಲಸ ಮಾಡುತ್ತಿದೆಯೇ ಎಂದು ನೋಡಲು ನಾವು ಸಾಮಾನ್ಯವಾಗಿ ಮಾಡುವ ಒಂದು ಎಡವಟ್ಟಿದೆ. ನೋವಿನ ಮುಲಾಮು ಮೂಗಿಗೆ ಹಿಡಿಯುತ್ತೇವೆ, ‘ಹಾಂ, ಗೊತ್ತಾಯ್ತು’ ಎನ್ನುತ್ತದೆ. ಒಣಮೆಣಸಿನಕಾಯಿ ಹುರಿಯುವಾಗ ಮಗು ಕೆಮ್ಮಿದರೆ ‘ಘಾಟು ಹತ್ತಿತಲ್ಲ, ಮತ್ತೇನು’ ಎನ್ನುತ್ತೇವೆ. ಘಾಟು ವಾಸನೆಯಲ್ಲ. ಮುಲಾಮಿನ ತಂಪು, ಮೆಣಸಿನ ಉರಿ, ಈರುಳ್ಳಿ ಹೆಚ್ಚುವಾಗಿನ ಕಣ್ಣೀರು ಇವನ್ನೆಲ್ಲ ಒಯ್ಯುವುದು ಮುಖದ ಸ್ಪರ್ಶ ಮತ್ತು ನೋವಿನ ನರ. ಷಡ್ರಸದಲ್ಲಿ ನಾವು ಲೆಕ್ಕ ಹಿಡಿಯುವ ಖಾರವೂ ಅದೇ ನರದ ಕೆಲಸ. ವಾಸನೆ ಪೂರ್ತಿ ಹೋದವರಿಗೂ ಘಾಟು ಹತ್ತುತ್ತದೆ, ನನಗೂ ಹತ್ತಿತು. ಕಣ್ಣು ಮುಚ್ಚಿಸಿ ಕಾಫಿ ಪುಡಿ, ಹಣ್ಣಾದ ಬಾಳೆ, ಮಲ್ಲಿಗೆ ಇಂಥವನ್ನು ಹಿಡಿದು ಕೇಳಿ.

ವಾಸನೆ ಮರಳುವಾಗಲೂ ಒಂದು ಪೇಚಿದೆ. ಕೆಲವರಿಗೆ ಅದು ತಿರುಚಿಕೊಂಡು ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಕಾಫಿ, ಮೊಟ್ಟೆ, ಹುರಿದ ಮಾಂಸ ಕೊಳೆತ ಹಾಗೆಯೋ ಸುಟ್ಟ ಹಾಗೆಯೋ ನಾರತೊಡಗುತ್ತವೆ. ಮೊನ್ನೆವರೆಗೆ ಮೊಟ್ಟೆ ಕೊಡುವ ದಿನಕ್ಕೆ ಕಾಯುತ್ತಿದ್ದ ಮಗು ಈಗ ಮೊಟ್ಟೆ ಕಂಡರೆ ಓಕರಿಸಬಹುದು. ಅಂಥ ಮಗುವಿಗೆ ಶಾಲೆಯಲ್ಲಿ ಬಾಳೆಹಣ್ಣು ಕೊಡುತ್ತೇವೆ, ಒತ್ತಾಯ ಮಾಡುವುದಿಲ್ಲ. ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಸ್ವಲ್ಪ ದಿನ ಬಿಡಿ. ಬಿಸಿ ಆಹಾರದಿಂದ ವಾಸನೆ ಹೆಚ್ಚು ಏಳುವುದರಿಂದ ಆರಿದ್ದು, ತಣ್ಣನೆಯ ಮೊಸರನ್ನ ಒಳಗೆ ಹೋಗುತ್ತದೆ. ವಾಸನೆಯೇ ಇಲ್ಲದ ಮಗುವಿಗೆ ಕಚಗುಟ್ಟುವ ಸೌತೆಕಾಯಿ ಕೋಸಂಬರಿ, ನಿಂಬೆ ಹಿಂಡಿದ ಚಿತ್ರಾನ್ನ ಇಂಥವು ಸೇರುತ್ತವೆ. ಉಪ್ಪು, ಸಕ್ಕರೆ ಸುರಿಯುವುದು ಬೇಡ.

ಮನೆಮದ್ದಿನ ಬಗ್ಗೆ ಕೊಂಚ ಕಟುವಾಗಿಯೇ ಹೇಳುತ್ತೇನೆ. ಕುದಿಯುವ ನೀರಿನ ಪಾತ್ರೆ ಮುಂದೆ ಮಗುವನ್ನು ಕೂರಿಸಿ ಕಂಬಳಿ ಹೊದಿಸಬೇಡಿ, ಪಾತ್ರೆ ಮಗುಚಿದರೆ ಆಗುವ ಸುಟ್ಟಗಾಯ ಶೀತಕ್ಕಿಂತ ನೂರು ಪಾಲು ಕೆಟ್ಟದ್ದು. ಮೂಗಿಗೆ ಎಣ್ಣೆ, ಮುಲಾಮು ಬೇಡ. ಕರ್ಪೂರ, ನೀಲಗಿರಿ ಎಣ್ಣೆ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು, ಎಟುಕದಂತೆ ಇಡಿ. ಎರಡು ವಾರವಾದರೂ ವಾಸನೆ ಬಾರದಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ. ತಲೆಗೆ ಪೆಟ್ಟು ಬಿದ್ದ ಮೇಲೆ ಹೋಗಿದ್ದರೆ ಕಾಯಲೇಬೇಡಿ. ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಸುರಿಯುತ್ತಿದ್ದರೆ ಅದು ವೈರಸ್ ಇರಲಿಕ್ಕಿಲ್ಲ, ಹುಣಸೆ ಬೀಜವೋ ಮಣಿಯೋ ಒಳಗೆ ಕೂತಿರಬಹುದು. ನಲಿಕಲಿ ಮಕ್ಕಳ ತಾಯಂದಿರಿಗೆ ಈ ಮಾತು ವಿಶೇಷವಾಗಿ.

ಮೂಗಿಗೆ ಒಂದು ಕಸರತ್ತು ಇದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ್ದು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಸಲ, 12 ವಾರ ಮೂಸುವುದು. ನಾನೀಗ ಬೆಳಿಗ್ಗೆ ಪೂಜೆಯಾದ ಮೇಲೊಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಮಾಡುತ್ತಿದ್ದೇನೆ. ಒಂದೊಂದನ್ನೂ ಹದಿನೈದಿಪ್ಪತ್ತು ಸೆಕೆಂಡು ಹಿಡಿದು, ಆ ವಾಸನೆ ಹೇಗಿತ್ತೆಂದು ನೆನಪಿಗೆ ತಂದುಕೊಳ್ಳಬೇಕು. ಲವಂಗ ನಿನ್ನೆ ಸ್ವಲ್ಪ ಬಂದ ಹಾಗಾಯಿತು.

ಮನೆಯಲ್ಲಿ ಯಾರಿಗೇ ವಾಸನೆ ಹೋಗಿದ್ದರೂ, ಅದರಲ್ಲೂ ನಸುಕಿಗೇ ಎದ್ದು ಒಲೆ ಹಚ್ಚುವ ಅಜ್ಜಿಗೆ ಹೋಗಿದ್ದರೆ, ಗ್ಯಾಸ್ ಕಡೆ ಗಮನವಿರಲಿ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ; ಸೋರಿದರೆ ತಿಳಿಯಲೆಂದೇ ನಾರುವ ಮರ್ಕ್ಯಾಪ್ಟಾನ್ ಬೆರೆಸುತ್ತಾರೆ. ಮೂಗಿಲ್ಲದವರಿಗೆ ಆ ಎಚ್ಚರಿಕೆ ತಲುಪುವುದಿಲ್ಲ. ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿ. ಸೋರಿದೆ ಎನಿಸಿದರೆ ಸ್ವಿಚ್ ಮುಟ್ಟದೆ ಕಿಟಕಿ-ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಹಳಸಿದ ಸಾರು, ಒಡೆದ ಹಾಲನ್ನು ಬೇರೆಯವರು ಮೂಸಿ ನೋಡಲಿ.

ಶಾಲೆಗೆ ಸಂಬಂಧಿಸಿ ಎರಡೇ ಕೋರಿಕೆ. ಜ್ವರ ಬಿಟ್ಟು ಒಂದು ದಿನ ಪೂರ್ತಿ ಕಳೆಯುವವರೆಗೆ ಮಗುವನ್ನು ಕಳಿಸಬೇಡಿ, ಹಾಜರಾತಿಯ ಚಿಂತೆ ನನಗಿರಲಿ. ಮಗು ಊಟ ಸಪ್ಪೆ ಎಂದರೆ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ. ಬರೆಯಲು ಬಿಡುವಿಲ್ಲದಿದ್ದರೆ ಗೇಟಿನ ಹತ್ತಿರ ಯಾವ ಮಿಸ್‌ಗಾದರೂ ಹೇಳಿದರೆ ಸಾಕು. ಶನಿವಾರ ಬೆಳಿಗ್ಗೆ ಏಳನೇ ತರಗತಿಯವರು ಮೂಗು ಹಿಡಿದು ಬೆಲ್ಲ-ಸಕ್ಕರೆಯ ಪ್ರಯೋಗ ಮಾಡುತ್ತಾರೆ, ಬಿಡುವಿದ್ದವರು ಬನ್ನಿ. ರುಚಿ ನೋಡುವ ರಿಜಿಸ್ಟರಿಗೆ ಇನ್ನು ಮುಂದೆ ಇಬ್ಬರು ಶಿಕ್ಷಕರು ಸಹಿ ಹಾಕುತ್ತಾರೆ. ಸದ್ಯಕ್ಕೆ ಆ ಇಬ್ಬರಲ್ಲಿ ನಾನಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ