ಪುಟ್ಟೀ, ಬೋಮ್ ಕಥೆ ನಾನು ಅರ್ಧ ಮಾತ್ರ ಹೇಳಿದ್ದೆ

ಪುಟ್ಟೀ,

ಭಾನುವಾರ ಫೋನ್ ಕುಕ್ಕಿದ್ದು ನಾನೇ. ಸಿಗ್ನಲ್ ಹೋಯ್ತು ಅಂತ ನಿಮ್ಮಪ್ಪನ ಹತ್ತಿರ ಸುಳ್ಳು ಹೇಳಿದೆ. ಪಿಎಚ್.ಡಿ.ಯನ್ನು ನಾಲ್ಕನೇ ವರ್ಷಕ್ಕೆ ಬಿಟ್ಟು ವಿಜ್ಞಾನ, ಮನಸ್ಸು, ಕಾಡು ಎಲ್ಲ ಸೇರಿಸಿ ಬರೀತೀನಿ ಅಂದೆಯಲ್ಲ, ಅದಕ್ಕೆ ಅಷ್ಟು ಸಿಟ್ಟು ಬಂದಿರಲಿಲ್ಲ. "ಆ ಭೌತವಿಜ್ಞಾನಿ ಡೇವಿಡ್ ಬೋಮ್ ಹುಚ್ಚು ಹಿಡಿಸಿದ್ದು ನೀನೇ ಅಲ್ವಾ?" ಅಂದೆ ನೋಡು, ಅದು ಚುಚ್ಚಿತು. ನಿಜ ತಾನೆ.

ಆ ಬಾಟಲಿ ನಿನಗೆ ನೆನಪಿದೆಯೋ ಇಲ್ಲವೋ. ನಿನಗಾಗ ಒಂಬತ್ತು. ಉಪ್ಪಿನಕಾಯಿಯ ದೊಡ್ಡ ಗಾಜಿನ ಬಾಟಲಿ, ಅದರೊಳಗೆ ಕಾಲೇಜು ಲ್ಯಾಬಿನ ದಪ್ಪ ಟ್ಯೂಬು, ನಡುವೆ ಮೆಡಿಕಲ್ ಶಾಪಿನಿಂದ ತಂದ ಗ್ಲಿಸರಿನ್. ಗ್ಲಿಸರಿನ್‌ನಲ್ಲೇ ಕಲಸಿದ ನೀಲಿ ಶಾಯಿ ಒಂದು ತೊಟ್ಟು ಬಿಟ್ಟು, ಟ್ಯೂಬನ್ನು ನಿಧಾನಕ್ಕೆ ತಿರುಗಿಸಿದೆ. ತೊಟ್ಟು ಎಳೆಯಾಯಿತು, ಎಳೆ ತೆಳುವಾಗಿ ಮಾಯವಾಯಿತು. "ಎಲ್ಲಿಗೋಯ್ತಮ್ಮಾ?" ಅಂದೆ. ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದರೆ ಶಾಯಿ ವಾಪಸು ಬಂದು ಅದೇ ಜಾಗದಲ್ಲಿ ತೊಟ್ಟಾಗಿ ಕೂತಿತು. ಗ್ಲಿಸರಿನ್ ಮಂದ, ಪದರ ಪದರವಾಗಿ ಜಾರುತ್ತದೆ, ಕಲಸಿಹೋಗುವುದಿಲ್ಲ. ಬೋಮ್ ಇಂಥದ್ದೇ ಒಂದನ್ನು ಟಿವಿಯಲ್ಲಿ ನೋಡಿ ಹಿಡಿದುಕೊಂಡುಬಿಟ್ಟರು. ಬಿಡಿ ಬಿಡಿಯಾಗಿ ಕಾಣುವುದೆಲ್ಲ ಒಳಗೆ ಮಡಚಿಕೊಂಡ ಒಂದೇ ಇಡಿಯಿಂದ ಬಿಚ್ಚಿಕೊಂಡದ್ದು ಅಂತ ಅವರ ವಾದ. 1980ರ ಅವರ ಪುಸ್ತಕದಲ್ಲೂ ಇದೇ ಉದಾಹರಣೆ.

ಆಮೇಲೆ ನೀನು ಮಾಡ್ತೀನಿ ಅಂದೆ. ಗರಗರ ತಿರುಗಿಸಿದೆ, ಟ್ಯೂಬು ಒಡೆಯಿತು, ನಾನು ಕೆನ್ನೆಗೆ ಒಂದು ಬಿಟ್ಟೆ. ಕಾಲೇಜಿನ ಟ್ಯೂಬು, ಲೆಕ್ಕ ಕೊಡಬೇಕಿತ್ತು ಅನ್ನೋದು ನೆಪ. ಮೊದಲ ಸಲ ಅದು ಸರಿಯಾಗಿ ಬಂದ ಖುಷಿಯಲ್ಲಿದ್ದೆ, ನೀನು ಕೆಡಿಸಿದೆ ಅನ್ನಿಸಿತು, ಅಷ್ಟೇ. ನೀನು ಅಳಲಿಲ್ಲ. ಬೆರಳು ನೆಕ್ಕಿ "ಸಿಹಿ ಇದೆ" ಅಂದೆ.

ಈಗ ಹೇಳದೆ ಬಿಟ್ಟ ಅರ್ಧ. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಬೋಮ್ ಮಾಡಿದ ಲೆಕ್ಕ ಅಣುಬಾಂಬಿನ ಕೆಲಸಕ್ಕೆ ಬೇಕಾಯಿತು, ಗುಟ್ಟಿನ ಕಡತ ಸೇರಿತು. ತನ್ನದೇ ಪ್ರಬಂಧ ಬರೆಯಲು ಅವರಿಗೇ ಅನುಮತಿ ಇಲ್ಲ! ಅವರ ಗುರು, ಬಾಂಬು ಮಾಡಿದ ತಂಡದ ಮುಖ್ಯಸ್ಥ ಓಪನ್‌ಹೈಮರ್ ಮಾತಿನ ಮೇಲೆ 1943ರಲ್ಲಿ ಪದವಿ ಸಿಕ್ಕಿತು. 1949ರಲ್ಲಿ ಅಮೆರಿಕನ್ ಕಾಂಗ್ರೆಸ್ಸಿನ ಸಮಿತಿ ಕಮ್ಯುನಿಸ್ಟ್ ಗೆಳೆಯರ ಬಗ್ಗೆ ಕೇಳಿದಾಗ ಬಾಯಿ ಬಿಡಲಿಲ್ಲ. ಅದಕ್ಕೇ ಮರುವರ್ಷ ಬಂಧನ. 1951ರಲ್ಲಿ ಖುಲಾಸೆಯಾದರೂ ಅವರು ಪಾಠ ಮಾಡುತ್ತಿದ್ದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಅವರನ್ನು ಉಳಿಸಿಕೊಳ್ಳಲಿಲ್ಲ. ಬ್ರೆಜಿಲ್‌ಗೆ ಹೋದರೆ ಅಲ್ಲಿ ಅಮೆರಿಕದವರೇ ಪಾಸ್‌ಪೋರ್ಟ್ ಕಿತ್ತುಕೊಂಡರು. 1952ರ ಕ್ವಾಂಟಂ ಲೇಖನಗಳನ್ನು ಹೆಚ್ಚಿನವರು ಮೂಸಿ ನೋಡಲಿಲ್ಲ. ಇಸ್ರೇಲ್, ಬ್ರಿಸ್ಟಲ್, ಕೊನೆಗೆ ಲಂಡನ್ನಿನ ಬರ್ಕ್‌ಬೆಕ್ ಕಾಲೇಜು. ತತ್ವಜ್ಞಾನಿ ಜಿಡ್ಡು ಕೃಷ್ಣಮೂರ್ತಿ ಎದುರು ಕೂತು ಮೆತ್ತಗೆ ಮಾತಾಡುವ ಬೋಮ್, ನಾನು ಯೂಟ್ಯೂಬಿನಲ್ಲಿ ತೋರಿಸಿದ ಆ ಬೋಮ್, ಇಷ್ಟೆಲ್ಲ ಆದ ಮೇಲಿನವರು. 1991ರಲ್ಲಿ ಖಿನ್ನತೆ ಜಾಸ್ತಿಯಾಗಿ ಆಸ್ಪತ್ರೆ ಸೇರಿದ್ದರು. ಅದನ್ನು ಓದಿದ ದಿನವೇ ನಿನಗೆ ಮೂರು ಸಲ ಫೋನ್ ಮಾಡಿ ಊಟ ಆಯ್ತಾ, ಊಟ ಆಯ್ತಾ ಅಂತ ಕೇಳಿದ್ದು. ನೀನು ರೇಗಿದ್ದೆ.

ಒಂದು ಮಾತು ಕೇಳು. ಇಡಿಯಾಗಿ ನೋಡ್ತೀನಿ ಅನ್ನೋರು ಬಿಡಿ ಲೆಕ್ಕ ಬಿಡಬಾರದು. 1959ರಲ್ಲಿ ಶಿಷ್ಯ ಅಹರೋನೋವ್ ಜೊತೆ ಬೋಮ್ ಮಾಡಿದ್ದು ನಿನಗೇ ಗೊತ್ತು: ಎಲೆಕ್ಟ್ರಾನಿನ ದಾರಿಯಲ್ಲಿ ಕಾಂತಕ್ಷೇತ್ರವೇ ಇಲ್ಲ, ಆದರೂ ಪಕ್ಕದ ತಂತಿ ಸುರುಳಿಯೊಳಗೆ ಮುಚ್ಚಿಟ್ಟ ಕ್ಷೇತ್ರ ಅದರ ಅಲೆಯನ್ನು ಸರಿಸುತ್ತದೆ. ಪ್ರಯೋಗದಲ್ಲೂ ಸಾಬೀತಾಯಿತು. ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ ಅನ್ನುವ ಹಕ್ಕು ಆ ಮನುಷ್ಯನಿಗೆ ಹಾಗೆ ಬಂತು, ಸುಮ್ನೆ ಬರಲಿಲ್ಲ. ಇವತ್ತು "ಕ್ವಾಂಟಂ" ಅಂತ ಬೋರ್ಡು ಹಾಕಿ ಎಣ್ಣೆ ಮಾರುವವರಿದ್ದಾರೆ. ನೀನು ಅವರ ಪಕ್ಕದಲ್ಲಿ...

ನಿಮ್ಮಪ್ಪ ಇಣುಕಿ ನೋಡಿ, "ಪತ್ರವೋ ಪ್ರಶ್ನೆಪತ್ರಿಕೆಯೋ?" ಅಂದರು.

ಹುತ್ತದೊಳಗೆ ಗಾಳಿ ಹೇಗೆ ಓಡಾಡುತ್ತೆ ಅಂತ ಮಳೆಗಾಲದಲ್ಲಿ ಬರೆದು ಕಳಿಸಿದ್ದೆಯಲ್ಲ, ಅದನ್ನು ಪ್ರಿಂಟ್ ತೆಗೆಸಿ ಸ್ಟಾಫ್ ರೂಮಿನಲ್ಲಿ ಇಟ್ಟಿದ್ದೆ. ಗಣಿತದ ಮೇಷ್ಟ್ರು ಎರಡು ಸಲ ಓದಿದರು. ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ಇನ್ನೂ ಬೇಗ ಪಿಎಚ್.ಡಿ. ಬಿಡ್ತಿದ್ದೆಯೇನೋ.

ಕೆನ್ನೆಗೆ ಹೊಡೆದದ್ದಕ್ಕೆ ಕ್ಷಮಿಸು. ಫೋನಿನದ್ದು ಇನ್ನೂ ಸ್ವಲ್ಪ ಸಿಟ್ಟಿದೆ, ಅದಕ್ಕೆ ಆಮೇಲೆ ಕೇಳ್ತೀನಿ. ಬಾಟಲಿ ಅಟ್ಟದ ಮೇಲೇ ಇತ್ತು. ಎರಡು ಸಲ ತೊಳೆದೆ, ಮಾವಿನಮಿಡಿ ವಾಸನೆ ಹೋಗ್ತಿಲ್ಲ. ಹೊಸ ಟ್ಯೂಬು ತಂದಿದ್ದೇನೆ, ಈ ಸಲ ನನ್ನದೇ ದುಡ್ಡು. ಯುಗಾದಿಗೆ ರಜೆ ಸಿಗುತ್ತಾ ಅಂತ ತಿಳಿಸು.

ಅಮ್ಮ