ಕಾಕಾನ ಚಾದರ, ಮಾವನ ಒಂದು ಸಾಲು

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಆರು ವರ್ಷ ಹಿಡಿಯಿತು. ಗೈಡ್‌ಗೆ, ಕಾಲೇಜಿಗೆ ಹೇಳಬೇಕಾದ ಥ್ಯಾಂಕ್ಸ್ ಥೀಸಿಸ್‌ನ ಮೊದಲ ಪುಟದಲ್ಲೇ ಇದೆ. ಆ ಪುಟದಲ್ಲಿ ಹಿಡಿಸದೆ ಉಳಿದವರಿಗೆ ಈ ಬರಹ.

ಬೆಳೆಯ ಶಿಲೀಂಧ್ರ ರೋಗಕ್ಕೆ ಹೊಡೆಯುವ ಕಾರ್ಬೆಂಡಜಿಮ್ ಎಂಬ ಔಷಧಿ ದ್ರಾಕ್ಷಿ ರಸದಲ್ಲಿ ಉಳಿದಿದೆಯಾ ಎಂದು ಹುಡುಕುವುದು ನನ್ನ ಕೆಲಸ. ಸಾಧನ ಅಂದರೆ ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ಸಣ್ಣ ಕ್ವಾರ್ಟ್ಜ್ ಬಿಲ್ಲೆ, ಎರಡೂ ಬದಿಗೆ ಚಿನ್ನದ ಲೇಪ. ಕರೆಂಟ್ ಕೊಟ್ಟರೆ ಸೆಕೆಂಡಿಗೆ 50 ಲಕ್ಷ ಸಲ ಕಂಪಿಸುತ್ತದೆ. ಮೈಗೆ ಏನಾದರೂ ಅಂಟಿದರೆ ಕಂಪನ ತಗ್ಗುತ್ತದೆ. ಎಷ್ಟು ತಗ್ಗಿದರೆ ಎಷ್ಟು ಭಾರ ಎಂಬ ಲೆಕ್ಕವನ್ನು ಜರ್ಮನಿಯ ಸೌಯರ್‌ಬ್ರೈ 1959ರಲ್ಲೇ ಕೊಟ್ಟಿದ್ದರು. ನನ್ನ ಬಿಲ್ಲೆಯಲ್ಲಿ ಚದರ ಸೆಂಟಿಮೀಟರಿಗೆ 17.7 ನ್ಯಾನೊಗ್ರಾಂ ಕೂತರೆ 1 ಹರ್ಟ್ಸ್, ಅಂದರೆ ಸೆಕೆಂಡಿಗೆ ಒಂದು ಕಂಪನ, ಇಳಿತ.

ತಿಕೋಟಾ ಕಡೆಯ ರೈತ ಮಾವನಿಗೆ ಇದನ್ನು ಎತ್ತಿನ ಕೊರಳಗಂಟೆಯ ಲೆಕ್ಕದಲ್ಲಿ ಹೇಳಿದ್ದೆ. ಕೆಸರು ಮೆತ್ತಿದರೆ ಗಂಟೆಯ ದನಿ ಬದಲಾಗುತ್ತದೆ ಅಲ್ವಾ, ಹಾಗೆ. "ಹಂಗಾದ್ರ ನಾ ಹೊಡದ ಎಣ್ಣೀನ ಕೆಸರು ಅನ್ನು" ಎಂದು ನಕ್ಕರು. ಹೋಲಿಸಿ ನೋಡಲು ಔಷಧಿ ತಾಗದ ಹಣ್ಣು ಬೇಕಿತ್ತು. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಬಳ್ಳಿಯ ಒಂದು ಸಾಲನ್ನು ಔಷಧಿ ಹೊಡೆಯದೆ ಹಾಗೇ ಬಿಟ್ಟರು. ಅದಕ್ಕೆ ಬೂದಿ ರೋಗ ಬಂತು, ಅರ್ಧ ಗೊಂಚಲು ಹೋಯಿತು. ದುಡ್ಡು ಕೊಡಲು ಹೋದರೆ ಬೈದರು.

ಕಾರ್ಬೆಂಡಜಿಮ್ ಅಣು ತೀರಾ ಹಗುರ. ಅದು ಅಂಟಿದ್ದು ಬಿಲ್ಲೆಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ತಿರುವುಮುರುವು ಮಾಡಿದೆವು. ಔಷಧಿಯನ್ನೇ ಬಿಲ್ಲೆಯ ಮೇಲೆ ಕೂರಿಸಿ, ಅದನ್ನೇ ಗುರುತಿಸಿ ಹಿಡಿಯುವ ಭಾರದ ಪ್ರೋಟೀನ್ ಆದ ಆಂಟಿಬಾಡಿಯನ್ನು ರಸಕ್ಕೆ ಬೆರೆಸಿ ಬಿಡುವುದು. ರಸದಲ್ಲಿ ಔಷಧಿ ಜಾಸ್ತಿ ಇದ್ದರೆ ಆಂಟಿಬಾಡಿ ಅಲ್ಲೇ ಸಿಕ್ಕಿಬೀಳುತ್ತದೆ, ಬಿಲ್ಲೆಯ ತನಕ ಬರುವುದು ಕಡಿಮೆ. ಇಳಿತವೂ ಕಡಿಮೆ.

ಬೆಳಗ್ಗೆ ಎಲ್ಲ ಸರಿ. ಸಂಜೆ ನಾಲ್ಕಾದರೆ ಕಂಪನ ಸುಮ್ನೆ ಮೇಲೇರುತ್ತಿತ್ತು. ಎಂಟು ತಿಂಗಳು ಇದೇ ಗೋಳು. ಆಂಟಿಬಾಡಿ ಕೆಟ್ಟಿದೆ ಎಂದು ಒಂದು ಇಡೀ ಬಾಟಲಿ ಚೆಲ್ಲಿದೆ. ಅದರ ಬೆಲೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಲ್ಯಾಬಿನ ಅಟೆಂಡರ್ ಕಾಕಾ ಒಂದು ದಿನ ಕಸ ಗುಡಿಸುತ್ತಾ, "ತಂಗಿ, ನಾಕರ ಸುಮಾರಕ್ಕ ಆ ಕಿಟಕಿ ಬಿಸಲು ನಿನ್ನ ಡಬ್ಬಿ ಮ್ಯಾಲೇ ಬೀಳತದ, ನೋಡಿಯೇನು?" ಎಂದರು.

ನೋಡಿರಲಿಲ್ಲ. ನೀರು ಬಿಸಿಯಾದರೆ ತೆಳುವಾಗುತ್ತದೆ, ಬಿಲ್ಲೆಯನ್ನು ಹಿಡಿದೆಳೆಯುವುದು ಕಡಿಮೆಯಾಗುತ್ತದೆ, ಕಂಪನ ಏರುತ್ತದೆ. ಇದನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವಳು ನಾನು! ವಿಜಯಪುರದ ಏಪ್ರಿಲ್ ಬಿಸಿಲಿನ ನೆನಪೇ ಆಗಲಿಲ್ಲ. ಮರುದಿನ ಕಾಕಾ ಮನೆಯಿಂದ ಹಳೇ ಚಾದರ ತಂದು ಕಿಟಕಿಗೆ ಕಟ್ಟಿದರು. ನಾನು ಥರ್ಮೊಕೋಲ್ ಪೆಟ್ಟಿಗೆ ಮಾಡಿದೆ. ಅವತ್ತು ಸಂಜೆ ಕಂಪನ ತೋರಿಸುವ ಗೆರೆ ನೆಟ್ಟಗೆ ಮಲಗಿತ್ತು.

ನನ್ನ ಸಾಧನವನ್ನು ತೋಟಕ್ಕೆ ಒಯ್ಯುವಷ್ಟು ತಯಾರಿ ಇನ್ನೂ ಆಗಿಲ್ಲ, ಮಾವ. ಆದಾಗ ಮೊದಲು ನಿಮ್ಮಲ್ಲಿಗೇ ತರುತ್ತೇನೆ. ಅವ್ವಾ, ಆರು ವರ್ಷ "ಯಾವಾಗ ಮುಗೀತದ" ಎಂದು ಕೇಳದೆ ರೊಟ್ಟಿ ಕಟ್ಟಿ ಕಳಿಸಿದ್ದಕ್ಕೆ ನಿನಗೆ ಏನು ಹೇಳಲಿ.

ಕಾಕಾ, ನಿಮ್ಮ ಚಾದರ ವಾಪಸ್ ಕೊಡಬೇಕು ಅಂತ ಮೊನ್ನೆ ಬಿಚ್ಚಲು ಹೋದೆ. ಜೂನಿಯರ್‌ಗಳು ಬಿಡಲಿಲ್ಲ.