ನಿಮ್ಮ ಕ್ಲಾಸಿನ ಸಂಚಿಕೆ: ಸೋದರಸೊಸೆಗೊಂದು ಪತ್ರ

ಚಿ. ಚೈತ್ರಾಳಿಗೆ ನಿನ್ನ ಮಾವನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ಹತ್ತನೇ ಕ್ಲಾಸಿನ 42 ಮಕ್ಕಳೂ ಸೇರಿ ಹೈಸ್ಕೂಲಿನ ಮೂರು ವರ್ಷಗಳ ಸ್ಮರಣ ಸಂಚಿಕೆ ತರುತ್ತೀರಂತೆ, ಹೊಣೆ ನಿನ್ನ ತಲೆಗೆ ಬಂದಿದೆಯಂತೆ. ಅಕ್ಕ ಫೋನಿನಲ್ಲಿ ಹೇಳಿದಳು. ಮಾಡಿ, ಚೆನ್ನಾಗಿರುತ್ತದೆ. ಇಂಥ ಸಂಚಿಕೆಗಳು ಕೆಡುವುದು ಎರಡು ಕಡೆ. ಒಂದು, ಎಲ್ಲರ ಬರಹವೂ ಒಂದೇ ಥರ ಇರುತ್ತದೆ. ಇನ್ನೊಂದು, ಪುಟದ ಲೆಕ್ಕ ತಪ್ಪುತ್ತದೆ. ಪುಟದ ಲೆಕ್ಕವನ್ನು ಅರ್ಧ ಗಂಟೆ ಕೂತು ಸರಿಮಾಡಬಹುದು. ಬರಹ ಮಾತ್ರ ಈಗಿನಿಂದಲೇ ನೋಡಿಕೊಳ್ಳಬೇಕಾದದ್ದು.

'ನೆನಪು ಬರೆದುಕೊಡಿ' ಎಂದು ಹೇಳಿ ಬಿಟ್ಟರೆ 42 ಜನವೂ 'ಮರೆಯಲಾಗದ ದಿನಗಳು, ಗುರುಗಳಿಗೆ ಅನಂತ ಧನ್ಯವಾದಗಳು' ಎಂದು ಬರೆದು ತರುತ್ತಾರೆ. ಯಾರ ಪುಟಕ್ಕೆ ಯಾರ ಹೆಸರು ಹಾಕಿದರೂ ನಡೆಯುತ್ತದೆ. ಅವರ ತಪ್ಪಲ್ಲ, ಕೇಳಿದ್ದೇ ಹಾಗೆ. ಸ್ಲ್ಯಾಮ್ ಬುಕ್ಕಿನ ಹಾಗೆ ಇಷ್ಟದ ಬಣ್ಣ, ಇಷ್ಟದ ಹೀರೋ ಕೇಳುವುದೂ ಬೇಡ. ಪಿಯುಸಿ ಮುಗಿಯುವಷ್ಟರಲ್ಲಿ ಹೀರೋ ಬದಲಾಗಿರುತ್ತಾನೆ. ಉತ್ತರದಲ್ಲಿ ಹೆಸರು, ಜಾಗ, ಹೊತ್ತು ಬಂದೇ ಬರಬೇಕು, ಅಂಥ ಪ್ರಶ್ನೆ ಕೇಳು. ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡುತ್ತಿದ್ದೆ, ಯಾವ ಬಸ್ಸು, ತಪ್ಪಿದರೆ ಏನು ಮಾಡುತ್ತಿದ್ದೆ? ಎಂಟು, ಒಂಬತ್ತು, ಹತ್ತರಲ್ಲಿ ಎಷ್ಟನೇ ಬೆಂಚು, ಪಕ್ಕದಲ್ಲಿ ಯಾರು? ಬಿಸಿಯೂಟದಲ್ಲಿ ಯಾವ ದಿನದ ಅಡುಗೆಗೆ ಕಾಯುತ್ತಿದ್ದೆ? ಇವತ್ತಿಗೂ ಬಾಯಿಪಾಠ ಬರುವ ಪದ್ಯ ಯಾವುದು, ಕಲಿಸಿದವರು ಯಾರು? ಹೋಬಳಿ ಮಟ್ಟದ ಆಟದಲ್ಲೋ ಪ್ರತಿಭಾ ಕಾರಂಜಿಯಲ್ಲೋ ಏನು ಮಾಡಿದೆ, ಗೆದ್ದೆಯೋ ಸೋತೆಯೋ? ಪರೀಕ್ಷೆ ಮುಂದಿದೆ ಅಂತ ಸಂಜೆ ವಿಶೇಷ ತರಗತಿಗೆ ಉಳಿದಾಗ ಮನೆಗೆ ಹೇಗೆ ಹೋಗುತ್ತಿದ್ದೆ? ಆರು ಪ್ರಶ್ನೆ ಸಾಕು. ಒಬ್ಬೊಬ್ಬರು ಮೂರಕ್ಕೆ ಉತ್ತರಿಸಲಿ, 110ರಿಂದ 120 ಪದದೊಳಗೆ. ಎ5 ಪುಟದಲ್ಲಿ, ಅಂದರೆ ಎ4 ಹಾಳೆಯ ಅರ್ಧದಲ್ಲಿ, ಪಾಸ್‌ಪೋರ್ಟ್ ಅಳತೆಯ ಫೋಟೋ ಹಾಕಿ, 12 ಪಾಯಿಂಟ್ ಅಕ್ಷರದಲ್ಲಿ ಜೋಡಿಸಿದರೆ ಅಷ್ಟೇ ಹಿಡಿಸುವುದು. ಬರೆಯಲು ಅಂಜುವವರನ್ನು ಕೂರಿಸಿಕೊಂಡು ಮಾತಾಡಿಸಿ ನೀನೇ ಬರೆದುಕೋ, ಆಮೇಲೆ ಅವರಿಗೆ ಓದಿ ಹೇಳು. ಅಡ್ಡಹೆಸರು ಹಾಕುವುದಾದರೆ ಆ ಹೆಸರಿನವರನ್ನು ಕೇಳಿ, ನಕ್ಕರೆ ಮಾತ್ರ ಹಾಕು. ಫೋನ್ ನಂಬರು, ಮನೆ ವಿಳಾಸ ಯಾರದೂ ಬೇಡ. ಪುಸ್ತಕ ಯಾರ ಕೈಗೆ ಹೋಗುತ್ತದೋ ಹೇಳಲಾಗದು.

ಈಗ ಮುಖ್ಯ ವಿಷಯ. ಈಗಿರುವವರು 42, ಸರಿ. ಎಂಟಕ್ಕೆ ಸೇರಿದಾಗ ಎಷ್ಟು ಜನ ಇದ್ದಿರಿ? ಕ್ಲಾಸ್ ಟೀಚರನ್ನು ಕೇಳಿ ಎಂಟನೆಯ ಮತ್ತು ಒಂಬತ್ತನೆಯ ಹಾಜರಿ ಪುಸ್ತಕ ತೆಗೆಸಿ ನೋಡು. ಅಪ್ಪನಿಗೆ ವರ್ಗವಾಗಿ ಹೋದವರು, ಹಾಸ್ಟೆಲ್ ಸೇರಿದವರು, ಕೆಲಸಕ್ಕೆ ಹೋದವರು, ಮದುವೆ ಮಾಡಿ ಕಳಿಸಿದವರು ಅದರಲ್ಲಿ ಸಿಗುತ್ತಾರೆ. ಅವರಿಗೆಂದು ಎರಡು ಪುಟ ತೆಗೆದಿಡು. ಹೆಸರು, ನಿಮ್ಮ ಜೊತೆ ಇದ್ದ ವರ್ಷ, ಅವರ ಬಗ್ಗೆ ಇಬ್ಬರೋ ಮೂವರೋ ಹೇಳಿದ ಒಂದೆರಡು ಸಾಲು, ಅಷ್ಟು ಸಾಕು. ಬಿಟ್ಟುಹೋದ ಕಾರಣ ಮಾತ್ರ ಅಚ್ಚು ಹಾಕಬೇಡ. ಅದು ಅವರ ಮನೆಯ ಮಾತು. ಸಿಕ್ಕಿದರೆ ಅವರಿಂದಲೇ ಬರೆಸು, ಪ್ರತಿಯನ್ನೂ ತಲುಪಿಸು. ನನ್ನನ್ನು ಕೇಳಿದರೆ ಇಡೀ ಸಂಚಿಕೆಯಲ್ಲಿ ಈ ಎರಡು ಪುಟಕ್ಕೇ ಹೆಚ್ಚು ಬೆಲೆ.

ಗ್ರೂಪ್ ಫೋಟೋ ಜನವರಿ 26ರಂದು ತೆಗೆಸಿ. ಯೂನಿಫಾರಂ ಇಸ್ತ್ರಿಯಾಗಿರುತ್ತದೆ, ಶಿಕ್ಷಕರೆಲ್ಲ ಇರುತ್ತಾರೆ, ಬಿಸಿಲೂ ಇನ್ನೂ ಏರಿರುವುದಿಲ್ಲ. ಧ್ವಜಾರೋಹಣ ಮುಗಿದು ಸಿಹಿ ಹಂಚುವ ಮೊದಲೇ ನಿಲ್ಲಿಸಬೇಕು. ಲಾಡು ಕೈಗೆ ಬಂತೆಂದರೆ ಒಬ್ಬರೂ ಸಿಗುವುದಿಲ್ಲ. ಶಿಕ್ಷಕರು ಕುರ್ಚಿಯಲ್ಲಿ, ಉಳಿದವರು ಹಿಂದೆ ಮೆಟ್ಟಿಲ ಮೇಲೆ ಮೂರು ಸಾಲು. ಅಡುಗೆಯವರನ್ನೂ ಕರೆಯಿರಿ. ಕಟ್ಟಡದ ನೆರಳಲ್ಲಿ ನಿಂತರೆ ಒಳ್ಳೆಯದು. ಬಿಸಿಲಿಗೆ ಮುಖ ಮಾಡಿದರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ, ಬೆನ್ನು ಮಾಡಿದರೆ ಮುಖ ಕಪ್ಪಾಗುತ್ತದೆ. ಫೋನನ್ನು ಅಡ್ಡ ಹಿಡಿದು ಹಿಂದೆ ಸರಿದು ತೆಗೆಯಬೇಕು. ವೈಡ್ ಲೆನ್ಸ್ ಹಾಕಿದರೆ ಅಂಚಿನಲ್ಲಿ ನಿಂತವರ ಮುಖ ಅಗಲವಾಗುತ್ತದೆ. ಹತ್ತು ಸಲವಾದರೂ ಕ್ಲಿಕ್ ಮಾಡಿ. 42 ಜೋಡಿ ಕಣ್ಣು ಒಟ್ಟಿಗೆ ತೆರೆದಿರುವುದು ಅಪರೂಪ. ಸಾಲು ಚದುರುವ ಮೊದಲೇ ಒಬ್ಬರು ನೋಟ್ ಬುಕ್ ಹಿಡಿದು ಫೋಟೋದಲ್ಲಿ ಕಾಣುವಂತೆ ಎಡದಿಂದ ಬಲಕ್ಕೆ ಹೆಸರು ಬರೆದುಕೊಳ್ಳಲಿ. ಹೆಸರಿಲ್ಲದ ಗ್ರೂಪ್ ಫೋಟೋ ಇಪ್ಪತ್ತು ವರ್ಷದ ಮೇಲೆ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳು, ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಎ4 ಅಗಲಕ್ಕೆ ಚೊಕ್ಕಟವಾಗಿ ಬರಬೇಕಾದರೆ ಸುಮಾರು 3500 ಪಿಕ್ಸೆಲ್ ಬೇಕು.

ಪುಟದ ಲೆಕ್ಕ ಹೀಗೆ. ಎ4 ಹಾಳೆ ಮಡಿಸಿದರೆ ನಾಲ್ಕು ಪುಟ, ಆದ್ದರಿಂದ ಒಟ್ಟು ಪುಟ ನಾಲ್ಕರಿಂದ ಭಾಗವಾಗಲೇಬೇಕು. ನಿಮಗೆ ಮಕ್ಕಳದು 42, ಶಾಲೆ ಬಿಟ್ಟುಹೋದವರದು 2, ಶಿಕ್ಷಕರು ಮತ್ತು ಅಡುಗೆಯವರದು 2, ಫೋಟೋಕ್ಕೆ 2, ಶೀರ್ಷಿಕೆ 1, ಪರಿವಿಡಿ 1, ಹಸ್ತಾಕ್ಷರಕ್ಕೆ ಖಾಲಿ 2. ಅಲ್ಲಿಗೆ 52 ಪುಟ, 13 ಹಾಳೆ. ಮೊದಲು 13 ಹಾಳೆ ಮಡಿಸಿ ಒಂದರೊಳಗೊಂದು ಸೇರಿಸಿ, ಪೆನ್ಸಿಲಿನಲ್ಲಿ ಪುಟಸಂಖ್ಯೆ ಹಾಕಿ ಡಮ್ಮಿ, ಅಂದರೆ ಮಾದರಿ ಪುಸ್ತಕ, ಮಾಡು. ಬಿಚ್ಚಿ ನೋಡಿದರೆ ಹೊರಗಿನ ಹಾಳೆಯ ಒಂದು ಮೈಯಲ್ಲಿ 52 ಮತ್ತು 1, ಇನ್ನೊಂದು ಮೈಯಲ್ಲಿ 2 ಮತ್ತು 51 ಇರುತ್ತವೆ. ಎಲ್ಲೇ ನೋಡಿದರೂ ಜೋಡಿಯ ಮೊತ್ತ 53. ಬರದಿದ್ದರೆ ಅಲ್ಲಿ ತಪ್ಪಿದೆ. ಎದುರುಬದುರಿನ ಎರಡು ಪುಟವೂ ಒಂದೇ ಹಾಳೆಯಲ್ಲಿ ಬರುವುದು ನಡುವಿನ 26–27 ಮಾತ್ರ, ಗ್ರೂಪ್ ಫೋಟೋ ಅಲ್ಲಿಗೇ ಹೋಗಲಿ. ಆ ಹಾಳೆ ಮತ್ತು ಈ ಲೆಕ್ಕಕ್ಕೆ ಸೇರದ, ಬೇರೆಯಾಗಿ ಹಾಕುವ ರಕ್ಷಾಪುಟ ಕಲರ್, ಉಳಿದದ್ದು ಕಪ್ಪು ಬಿಳುಪು ಆದರೆ ಖರ್ಚು ಹಿಡಿತದಲ್ಲಿರುತ್ತದೆ. ಎರಡೂ ಮೈ ಪ್ರಿಂಟ್ ಮಾಡುವಾಗ ಹಾಳೆಯನ್ನು ಗಿಡ್ಡ ಅಂಚಿನ ಕಡೆ ತಿರುಗಿಸುವ 'ಶಾರ್ಟ್ ಎಡ್ಜ್' ಆಯ್ಕೆ ಇರಬೇಕು, ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗುತ್ತದೆ. ಮಡಿಸಿದಾಗ ಒಳಗಿನ ಹಾಳೆಗಳು ಒಂದೆರಡು ಮಿಲಿಮೀಟರ್ ಹೊರಚಾಚುತ್ತವೆ. ಪ್ರೆಸ್ಸಿನವರು ಅದನ್ನು ಕತ್ತರಿಸಿ ಸಮ ಮಾಡುತ್ತಾರೆ, ಅದಕ್ಕೆ ಸುತ್ತ 15 ಮಿಲಿಮೀಟರ್ ಅಂಚು ಬಿಟ್ಟಿರು.

ಡಿಟಿಪಿ ಅಂಗಡಿಯಲ್ಲಿ ಇನ್ನೊಂದು ತೊಂದರೆ ಬರುತ್ತದೆ. ನೀವು ಫೋನಿನಲ್ಲಿ ಟೈಪ್ ಮಾಡುವುದು ಯುನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿ, ಎಷ್ಟೋ ಅಂಗಡಿಯಲ್ಲಿ ಇನ್ನೂ ಪೇಜ್‌ಮೇಕರ್ ಎಂಬ ಹಳೆ ಪುಟಜೋಡಣೆ ತಂತ್ರಾಂಶ, 'ನುಡಿ' ತಂತ್ರಾಂಶದ ಹಳೆ ಫಾಂಟು. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಪರಿವರ್ತಕಕ್ಕೆ ಹಾಕಿ ತಂದಾಗ ಒತ್ತಕ್ಷರ ಕೆಡುವುದುಂಟು. 'ಸೂರ್ಯ', 'ರಾಷ್ಟ್ರ', 'ಸ್ವಾತಂತ್ರ್ಯ' ಇಂಥ ಪದಗಳ ಮೇಲೆ ಕಣ್ಣಿಡು. ಕರಡನ್ನು ತೆರೆಯ ಮೇಲೆ ನೋಡಿ ಬಿಡಬೇಡ, ಕಾಗದದಲ್ಲಿ ತೆಗೆಸಿ ಪ್ರತಿಯೊಬ್ಬರ ಪುಟಕ್ಕೂ ಅವರದೇ ಸಹಿ ಹಾಕಿಸಿಕೋ. ಹೆಸರು ತಪ್ಪಾದರೆ ಆಮೇಲೆ ನಿನ್ನನ್ನು ಯಾರೂ ಬಿಡುವುದಿಲ್ಲ.

ಹೊಲಿಗೆ ಮನೆಯಲ್ಲೇ ಆಗುತ್ತದೆ. ಮಾಮೂಲಿ ಸ್ಟೇಪ್ಲರ್ ಮಡಿಕೆಯವರೆಗೆ ಎಟುಕುವುದಿಲ್ಲ. ಮಡಿಕೆಯ ಮೇಲೆ ದಬ್ಬಣದಿಂದ ಮೂರು ತೂತು ಮಾಡಿ, ನಡುವಿನದರಲ್ಲಿ ಒಳಗಿನಿಂದ ದಾರ ಹೊರತಂದು, ಮೇಲಿನ ತೂತಿನಿಂದ ಒಳಗೆ, ನಡುವನ್ನು ದಾಟಿ ಕೆಳಗಿನದರಿಂದ ಹೊರಗೆ, ಮತ್ತೆ ನಡುವಿನಿಂದ ಒಳಗೆ. ಒಳಗಿನ ಉದ್ದ ಹೊಲಿಗೆ ಎರಡು ತುದಿಗಳ ನಡುವೆ ಬರುವಂತೆ ಗಂಟು ಹಾಕು. ಮಕ್ಕಳಿಗೆ 42, ಶಾಲೆಯವರಿಗೆ 8, ಬಿಟ್ಟುಹೋದವರಿಗೆ ಮತ್ತು ಲೈಬ್ರರಿಗೆ 5, ಒಟ್ಟು 55 ಪ್ರತಿ. ಅದಕ್ಕೆ 715 ಹಾಳೆ. ರೀಮಿಗೆ 500 ಹಾಳೆ, ಕೆಡುವುದೂ ಸೇರಿ ಒಂದೂವರೆ ರೀಮು ತರಿಸು.

ದುಡ್ಡು ಎತ್ತುವಾಗ ಯಾರು ಎಷ್ಟು ಕೊಟ್ಟರು ಎಂಬುದು ನಿನಗೂ ಕ್ಲಾಸ್ ಟೀಚರಿಗೂ ಬಿಟ್ಟು ಮೂರನೆಯವರಿಗೆ ತಿಳಿಯಬಾರದು. ಕೊಡಲಾಗದವರಿಗೂ ಅದೇ ಪ್ರತಿ, ಅದೇ ದಿನ.

ಬರಹವೆಲ್ಲ ಡಿಸೆಂಬರ್ ಕೊನೆಗೆ ಕೈಸೇರಲಿ, ಫೆಬ್ರವರಿ ಮೊದಲ ವಾರ ಅಚ್ಚಾಗಲಿ. ಅದರಾಚೆಗೆ ಪೂರ್ವಸಿದ್ಧತಾ ಪರೀಕ್ಷೆ, ಬೀಳ್ಕೊಡುಗೆ, ಓದು; ಯಾರಿಗೂ ಪುರುಸೊತ್ತಿರುವುದಿಲ್ಲ, ನಿನಗಂತೂ ಇರಕೂಡದು. ಪ್ರಿಂಟಿಗೆ ಕೊಡುವ ಮೊದಲು ಪಿಡಿಎಫ್ ನನಗೊಮ್ಮೆ ಕಳಿಸು, ಜೋಡಿ ಪುಟ ನೋಡಿ ಹೇಳುತ್ತೇನೆ.

ಅಕ್ಕ, ಭಾವನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಮಾವ

ಮರೆತ ಮಾತು: ನಿನ್ನ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒತ್ತಿ ಇಡಬೇಡ. ಜೆರಾಕ್ಸಿನ ಕಪ್ಪು ಅದಕ್ಕೆ ಅಂಟಿಕೊಂಡು ಎದ್ದುಬರುತ್ತದೆ. ಕಾಗದದ ಲಕೋಟೆ ಸಾಕು.